ಪಾಪಕ್ಕೆ ಕಲಂ ಬರೆದಾಗ

1677ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಭಾನುವಾರದ ಪಾವಿತ್ರ್ಯ ಕಾಪಾಡಲು ಒಂದು ಕಾಯಿದೆ ತಂದಿತು. ಆ ದಿನ ಯಾರೂ ತಮ್ಮ ಕಸುಬಿನ ಕೆಲಸಕ್ಕೆ ಕೈ ಹಾಕಕೂಡದು. ಹಾಕಿದರೆ ಐದು ಶಿಲ್ಲಿಂಗ್ ದಂಡ. ಹದಿನಾಲ್ಕು ವರ್ಷ ತುಂಬಿದ ಎಲ್ಲರಿಗೂ ಇದು ಅನ್ವಯ. ಮಾರಲು ಹರಡಿಟ್ಟ ಸರಕು ಮುಟ್ಟುಗೋಲಾಗುತ್ತಿತ್ತು. ಇಷ್ಟು ಬಿಗಿಯಾದ ಕಾಯಿದೆಯ ಒಳಗೇ ಸಡಿಲಿಕೆಗಳೂ ಇವೆ. ಅನಿವಾರ್ಯವಾದ ಕೆಲಸ ಮಾಡಬಹುದು, ದಯೆಯ ಕೆಲಸ ಮಾಡಬಹುದು. ಮನೆಯಲ್ಲೂ ತಂಗುಮನೆಗಳಲ್ಲೂ ಅಡುಗೆ ಮಾಡಬಹುದು. ಹಾಲನ್ನು ಬೆಳಗ್ಗೆ ಒಂಬತ್ತಕ್ಕೆ ಮುಂಚೆ ಮತ್ತು ಸಂಜೆ ನಾಲ್ಕರ ಮೇಲೆ ಬೀದಿಯಲ್ಲಿ ಕೂಗಿ ಮಾರಬಹುದು. ಹಸುವಿನ ಕೆಚ್ಚಲು ವಾರ ನೋಡಿಕೊಂಡು ತುಂಬುವುದಿಲ್ಲವಲ್ಲ.

ಅದಕ್ಕೂ ಬಹಳ ಹಿಂದೆ, 321ರ ಮಾರ್ಚ್ 7ರಂದು, ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಇದೇ ದಿನದ ಬಗ್ಗೆ ಆಜ್ಞೆ ಹೊರಡಿಸಿದ್ದ. ನ್ಯಾಯಾಧೀಶರು, ಪಟ್ಟಣದ ಜನ, ಕುಶಲಕರ್ಮಿಗಳು ಸೂರ್ಯನ ಪೂಜ್ಯ ದಿನದಂದು ಕೆಲಸ ನಿಲ್ಲಿಸಬೇಕು. ಹಳ್ಳಿಯ ಬೇಸಾಯಗಾರರಿಗೆ ಮಾತ್ರ ತಡೆಯಿಲ್ಲ. ಬೀಜ ಬಿತ್ತಲು, ದ್ರಾಕ್ಷಿ ಬಳ್ಳಿ ನೆಡಲು ಬೇರೆ ದಿನ ಇಷ್ಟು ಒದಗಿಬರದೆ ಹೋಗಬಹುದು ಎಂದು ಆ ಆಜ್ಞೆಯೇ ಕಾರಣ ಕೊಡುತ್ತದೆ.

ಧರ್ಮದ ಉಪದೇಶ ವಿನಾಯಿತಿಗಳ ಪಟ್ಟಿ ಇಲ್ಲದೆಯೂ ನಡೆಯುತ್ತದೆ. ಕಷ್ಟದ ಸಂದರ್ಭ ಬಂದರೆ ನಂಬಿದವರೇ ಮನಸ್ಸಿನಲ್ಲಿ ತೂಗಿ ನೋಡುತ್ತಾರೆ, ಹಿರಿಯರನ್ನು ಕೇಳುತ್ತಾರೆ, ತಪ್ಪಾದರೆ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಾರೆ. ಕಾಯಿದೆಗೆ ಆ ಸೌಕರ್ಯವಿಲ್ಲ. ಯಾವುದು ತಪ್ಪೆಂದು ಅದು ಅಳತೆ ಹಾಕಿ ಹೇಳಬೇಕು. ರುಜುವಾತು ಹೇಗೆ, ಹಿಡಿಯುವವರು ಯಾರು, ಶಿಕ್ಷೆ ಎಷ್ಟು, ಬಿಡುವು ಯಾರಿಗೆ ಎಂಬುದನ್ನೂ ಹೇಳಬೇಕು. ಧಾರ್ಮಿಕ ನಡತೆಯನ್ನು ಕಡ್ಡಾಯ ಮಾಡುವ ಕಾಯಿದೆಗಳ ಪೀಠಿಕೆ ಓದಿದರೆ ಎಲ್ಲವೂ ಒಳ್ಳೆಯ ಮಾತೇ. ಅವು ಕೆಡುವುದು ಈ ಐದು ಜಾಗಗಳಲ್ಲಿ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಅನೇಕ ಧರ್ಮಗಳು ತಮ್ಮ ನಿಯಮಕ್ಕೆ ತಾವೇ ಕಡಿವಾಣ ಹಾಕಿಕೊಂಡಿದ್ದವು. ಕಾಯಿದೆ ಬರೆದವರು ನಿಯಮವನ್ನು ಎತ್ತಿಕೊಂಡರು, ಕಡಿವಾಣವನ್ನು ಅಲ್ಲೇ ಬಿಟ್ಟರು.

ಮೊದಲು ಅಳತೆಯ ವಿಷಯ. ಮಲೇಷ್ಯಾದ ಸಂಯುಕ್ತ ಪ್ರದೇಶಗಳಿಗೆ 1997ರಲ್ಲಿ ಬಂದ ಶರಿಯಾ ಅಪರಾಧಗಳ ಕಾಯಿದೆಯ 14ನೇ ಕಲಂ ನೋಡಿ. ಮುಸ್ಲಿಂ ಗಂಡಸು ಸತತ ಮೂರು ವಾರ ಸಕಾರಣವಿಲ್ಲದೆ ಶುಕ್ರವಾರದ ನಮಾಜಿಗೆ ಹೋಗದಿದ್ದರೆ 1,000 ರಿಂಗಿಟ್‌ವರೆಗೆ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮೂರು ವಾರ ಎಂಬ ಎಣಿಕೆ ಹದೀಸಿನ, ಅಂದರೆ ಪ್ರವಾದಿಯ ಮಾತುಗಳ ಸಂಗ್ರಹದ, ಎಚ್ಚರಿಕೆಯಿಂದ ಬಂದದ್ದು. ಮೂರು ಜುಮ್ಮಾ ತಪ್ಪಿಸಿದವನ ಹೃದಯಕ್ಕೆ ಮುದ್ರೆ ಬೀಳುತ್ತದೆ ಎಂಬುದು ಅದರ ಸಾರ. ಅಲ್ಲಿ ಅದು ಮನಸ್ಸಿನ ಸ್ಥಿತಿಯ ಬಗ್ಗೆ ಆಡಿದ ಮಾತು. ಕಾಯಿದೆಯಲ್ಲಿ ಅದು ಹಾಜರಿ ಪುಸ್ತಕ. ಮೂರನೇ ವಾರ ಒಮ್ಮೆ ಮುಖ ತೋರಿಸಿ ಬಂದವನು ನಿರಪರಾಧಿ, ಅವನ ಹೃದಯ ಹೇಗೇ ಇರಲಿ.

ಅಳತೆಯನ್ನೇ ಹೇಳದ ಕಾಯಿದೆ ಇನ್ನೂ ಅಪಾಯಕಾರಿ. ಇರಾನಿನ 1996ರ ದಂಡ ಸಂಹಿತೆಯ 638ನೇ ವಿಧಿಯ ಟಿಪ್ಪಣಿ ಒಂದೇ ವಾಕ್ಯದ್ದು. ಶರಿಯಾ ಪ್ರಕಾರದ ಹಿಜಾಬ್ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಕಾಣಿಸಿಕೊಳ್ಳುವ ಹೆಂಗಸಿಗೆ ಹತ್ತು ದಿನದಿಂದ ಎರಡು ತಿಂಗಳವರೆಗೆ ಜೈಲು, ಅಥವಾ 50,000ದಿಂದ 5,00,000 ರಿಯಾಲ್ ದಂಡ. ಹಿಜಾಬ್ ಎಂದರೆ ಎಷ್ಟು ಬಟ್ಟೆ, ಎಲ್ಲಿಂದ ಎಲ್ಲಿಗೆ, ಹಣೆಯ ಮೇಲೆ ಎರಡು ಬೆರಳಗಲ ಕೂದಲು ಕಂಡರೆ ಅಪರಾಧವೇ? ಆ ವಾಕ್ಯ ಹೇಳುವುದಿಲ್ಲ. ಹೇಳದಿದ್ದಾಗ ಅಳತೆಗೋಲು ರಸ್ತೆಬದಿಯ ವ್ಯಾನಿನಲ್ಲಿ ಕೂತ ನಡತೆ ಪೊಲೀಸರ ಕೈಗೆ ಹೋಗುತ್ತದೆ. ಈ ಬೀದಿಯಲ್ಲಿ ಸರಿ ಎನಿಸಿದ ಉಡುಪು ಮುಂದಿನ ಬೀದಿಯಲ್ಲಿ ತಪ್ಪಾಗುತ್ತದೆ, ಹೋದ ತಿಂಗಳು ನಡೆದದ್ದು ಈ ತಿಂಗಳು ನಡೆಯುವುದಿಲ್ಲ. ಜನ ಆಗ ಕಾಯಿದೆಯ ಗೆರೆಯಿಂದ ಎಷ್ಟೋ ಹಿಂದೆ ಸರಿದು ಬದುಕಬೇಕಾಗುತ್ತದೆ. ಅಸ್ಪಷ್ಟತೆಯನ್ನು ಬರೆಯುವವರ ಅಜಾಗರೂಕತೆ ಎಂದು ಬಿಡುವ ಹಾಗಿಲ್ಲ. ಪಹರೆಯವರು ಎಲ್ಲೆಡೆ ಇರಲಾರರು, ಅವರಿಲ್ಲದ ಜಾಗದಲ್ಲೂ ಹೆದರಿಕೆ ಇರಬೇಕಾದರೆ ಗೆರೆ ಕಾಣಿಸಬಾರದು.

ಅಳತೆ ತೀರಾ ನಿಖರವಾದಾಗ ಏನಾಗುತ್ತದೆ ಎಂಬುದಕ್ಕೆ ನೇಪಾಳದ 1854ರ ಮುಲುಕಿ ಐನ್ ಸಾಕ್ಷಿ. ಜಂಗ್ ಬಹಾದ್ದೂರ್ ರಾಣಾ ಕಾಲದ ಈ ಸಂಹಿತೆ ಇಡೀ ದೇಶದ ಜನರನ್ನು ಶುದ್ಧಿ-ಅಶುದ್ಧಿಯ ಒಂದೇ ಏಣಿಯ ಮೇಲೆ ಕೂರಿಸಿತು. ಮೇಲೆ ಜನಿವಾರ ಧರಿಸುವ ತಾಗಾಧಾರಿಗಳು. ಕೆಳಗೆ ಮದ್ಯ ಕುಡಿಯುವ ಮತವಾಲಿಗಳು, ಅವರಲ್ಲೂ ಗುಲಾಮರಾಗಿಸಬಾರದವರು ಬೇರೆ, ಗುಲಾಮರಾಗಿಸಬಹುದಾದವರು ಬೇರೆ. ಅದಕ್ಕೂ ಕೆಳಗೆ, ಯಾರ ಕೈಯ ನೀರು ಕುಡಿಯಬಾರದೋ ಅವರು. ಕೊನೆಯಲ್ಲಿ ಮೈ ತಾಕಿದರೇ ನೀರು ಚಿಮುಕಿಸಿಕೊಳ್ಳಬೇಕಾದವರು. ಯಾರ ಕೈಯ ಅನ್ನ ಯಾರು ಉಣ್ಣಬಹುದು, ಯಾರ ಕೈಯ ನೀರು ಯಾರು ಕುಡಿಯಬಹುದು ಎಂಬುದೆಲ್ಲ ಅಲ್ಲಿ ಕಲಮುಗಳು. ನಿಯಮ ಮೀರಿದವರಿಗೆ ರಾಜ್ಯದ ದಂಡ ಒಂದು ಕಡೆ. ಇನ್ನೊಂದು ಕಡೆ ಧರ್ಮಾಧಿಕಾರಿ ಶುಲ್ಕ ಪಡೆದು ಕೊಡುವ ಪತಿಯಾ, ಅಂದರೆ ಶುದ್ಧಿಯಾಯಿತೆಂಬ ಪತ್ರ. ಪ್ರಾಯಶ್ಚಿತ್ತಕ್ಕೂ ರಸೀದಿ ಬಂತು. ಪ್ರದೇಶದಿಂದ ಪ್ರದೇಶಕ್ಕೆ ಬೇರೆ ಬೇರೆಯಾಗಿದ್ದ, ಎಷ್ಟೋ ಕಡೆ ಜನರೇ ಗಮನಿಸದಿದ್ದ ರೂಢಿಗಳು ಬರಹಕ್ಕೆ ಇಳಿದು ಕಲ್ಲಾದವು. 1963ರ ಹೊಸ ಸಂಹಿತೆ ಬರುವ ತನಕ, ನೂರಕ್ಕೂ ಹೆಚ್ಚು ವರ್ಷ, ಜಾತಿಯ ಏಣಿ ಕಾಯಿದೆಯ ಪುಸ್ತಕದಲ್ಲೇ ಉಳಿಯಿತು. ಸಂಪ್ರದಾಯ ತನ್ನಷ್ಟಕ್ಕೆ ಬದಲಾಗುವ ದಾರಿಯನ್ನೂ ಈ ಬಗೆಯ ಕಾಯಿದೆ ಮುಚ್ಚುತ್ತದೆ.

ಇನ್ನು ರುಜುವಾತು. ವಿಷಯ ಗಟ್ಟಿಯಾಗಿರುವುದು ಇಲ್ಲಿ.

ವ್ಯಭಿಚಾರಕ್ಕೆ ಕಠಿಣ ಶಿಕ್ಷೆ ಹೇಳುವ ಪ್ರಾಚೀನ ಪಠ್ಯಗಳನ್ನು ಓದುವವರು ಹೆಚ್ಚಾಗಿ ಶಿಕ್ಷೆಯ ಸಾಲಿನಲ್ಲೇ ನಿಂತುಬಿಡುತ್ತಾರೆ. ಪಕ್ಕದಲ್ಲೇ ಸಾಕ್ಷ್ಯದ ಸಾಲು ಇರುತ್ತದೆ. ಇಸ್ಲಾಮಿನ ಶಾಸ್ತ್ರೀಯ ನಿಯಮದಲ್ಲಿ ಝಿನಾ, ಅಂದರೆ ಮದುವೆಯಾಚೆಯ ಸಂಭೋಗ, ರುಜುವಾತಾಗಲು ಕೃತ್ಯವನ್ನೇ ಕಣ್ಣಾರೆ ಕಂಡ ನಾಲ್ವರು ಬೇಕು. ಒಟ್ಟಿಗಿದ್ದರು, ಬಾಗಿಲು ಹಾಕಿತ್ತು ಎಂಬ ಊಹೆ ಸಾಲದು. ಮೂವರು ಬಂದು ಹೇಳಿ ನಾಲ್ಕನೆಯವನು ಇಲ್ಲದಿದ್ದರೆ ಆ ಮೂವರ ಬೆನ್ನಿಗೇ ಏಟು. ಸುಳ್ಳು ಆರೋಪಕ್ಕೆ ಕುರಾನ್ ಹೇಳುವ ಶಿಕ್ಷೆ ಎಂಬತ್ತು ಛಡಿಯೇಟು. ತಪ್ಪೊಪ್ಪಿಕೊಂಡವನು ಮಾತು ಹಿಂತೆಗೆದುಕೊಂಡರೆ ಹೆಚ್ಚಿನ ಪಂಥಗಳು ಅವನನ್ನು ಬಿಟ್ಟುಬಿಡುತ್ತವೆ. ಯಹೂದಿ ಕಾನೂನಿನಲ್ಲಿ ಮರಣದಂಡನೆಗೆ ಇಬ್ಬರು ಸಾಕ್ಷಿಗಳು ಬೇಕು. ತಪ್ಪು ಮಾಡುವ ಮುಂಚೆಯೇ ಅವನಿಗೆ "ಇದು ತಪ್ಪು, ಇದಕ್ಕೆ ಇಂಥ ಶಿಕ್ಷೆ" ಎಂದು ಎಚ್ಚರಿಸಿರಬೇಕು, ಅವನು ಅದನ್ನು ಕೇಳಿಯೂ ಮಾಡಿರಬೇಕು. ಏಳು ವರ್ಷಕ್ಕೆ ಒಬ್ಬನನ್ನು ಕೊಲ್ಲಿಸುವ ನ್ಯಾಯಸಭೆ ವಿನಾಶಕಾರಿ ಎಂದು ಯಹೂದಿಗಳ ಪ್ರಾಚೀನ ಧರ್ಮಶಾಸ್ತ್ರ ಸಂಗ್ರಹ ಮಿಷ್ನಾ ಹೇಳುತ್ತದೆ. ಅಲ್ಲೇ ರಬ್ಬಿ ಎಲಾಜರ್ ಬೆನ್ ಅಜರ್ಯ, ಎಪ್ಪತ್ತು ವರ್ಷಕ್ಕೆ ಒಬ್ಬನಾದರೂ ಹಾಗೆಯೇ ಎನ್ನುತ್ತಾರೆ. ಶಿಕ್ಷೆಯ ಸಾಲು ತಪ್ಪಿನ ಘೋರತೆಯನ್ನು ಸಾರಲು, ಸಾಕ್ಷ್ಯದ ಸಾಲು ಶಿಕ್ಷೆ ಆಗದಂತೆ ನೋಡಿಕೊಳ್ಳಲು. ಇವೆರಡೂ ಒಂದೇ ಯಂತ್ರದ ಭಾಗಗಳು.

1979ರಲ್ಲಿ ಪಾಕಿಸ್ತಾನದಲ್ಲಿ ಜನರಲ್ ಜಿಯಾ ಉಲ್ ಹಕ್ ತಂದ ಹುದೂದ್ ಆಜ್ಞೆಗಳಲ್ಲಿ ಈ ಯಂತ್ರ ಬಿಚ್ಚಿಹೋಯಿತು. ನಾಲ್ವರು ಸಾಕ್ಷಿಗಳಿಲ್ಲದಿದ್ದರೆ ಕಲ್ಲೆಸೆತದ ಹದ್, ಅಂದರೆ ಶಾಸ್ತ್ರ ನಿಗದಿ ಮಾಡಿದ ಶಿಕ್ಷೆ, ಇಲ್ಲ, ಸರಿ. ಅದರ ಕೆಳಗೆ ತಾಝೀರ್ ಎಂಬ ಇನ್ನೊಂದು ಮೆಟ್ಟಿಲು ಇಟ್ಟರು. ಅಲ್ಲಿ ಮಾಮೂಲಿ ಸಾಕ್ಷ್ಯ ಸಾಕು, ಶಿಕ್ಷೆ ಜೈಲು ಮತ್ತು ಛಡಿಯೇಟು. ಶಾಸ್ತ್ರ ಬೇಕೆಂದೇ ಮುಚ್ಚಿಟ್ಟ ಬಾಗಿಲ ಪಕ್ಕದಲ್ಲಿ ಹೊಸ ಬಾಗಿಲು ಕೊರೆದಂತಾಯಿತು. ಅತ್ಯಾಚಾರವನ್ನೂ ಇದೇ ಆಜ್ಞೆಯೊಳಗೆ ಸೇರಿಸಿದರು. ಅತ್ಯಾಚಾರವಾಯಿತೆಂದು ದೂರು ಕೊಡುವ ಹೆಣ್ಣು ಸಂಭೋಗ ನಡೆದದ್ದನ್ನು ಒಪ್ಪಿದಂತಾಯಿತು. ಬಲಾತ್ಕಾರ ರುಜುವಾತಾಗದಿದ್ದರೆ ಅವಳೇ ಆರೋಪಿ, ಬಸುರಾಗಿದ್ದರೆ ಅದೇ ಅವಳ ವಿರುದ್ಧ ಸಾಕ್ಷ್ಯ. ದೂರು ಕೊಟ್ಟ ಹೆಂಗಸರು ಜೈಲಿಗೆ ಹೋದರು. ಅತ್ಯಾಚಾರವನ್ನು ಮತ್ತೆ ದಂಡ ಸಂಹಿತೆಗೆ ತಂದು ಈ ಗಂಟನ್ನು ಬಿಡಿಸಲು 2006ರ ಮಹಿಳಾ ರಕ್ಷಣಾ ಕಾಯಿದೆ ಬರಬೇಕಾಯಿತು. ಇಪ್ಪತ್ತೇಳು ವರ್ಷ.

ಕಡಿವಾಣ ಉಳಿದ ಕಡೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ನೈಜೀರಿಯಾದ ಕತ್ಸಿನಾ ರಾಜ್ಯದಲ್ಲಿ ಅಮೀನಾ ಲವಾಲ್ ಎಂಬ ಮಹಿಳೆಗೆ 2002ರಲ್ಲಿ ಕಲ್ಲೆಸೆದು ಕೊಲ್ಲುವ ಶಿಕ್ಷೆಯಾಯಿತು. 2003ರ ಸೆಪ್ಟೆಂಬರ್‌ನಲ್ಲಿ ಶರಿಯಾ ಮೇಲ್ಮನವಿ ನ್ಯಾಯಾಲಯವೇ ಅದನ್ನು ರದ್ದು ಮಾಡಿತು. ಹೊರಗಿನ ಮಾನವ ಹಕ್ಕುಗಳ ಮಾತಿನಿಂದ ಬಂದ ತೀರ್ಪಲ್ಲ ಅದು. ಕೆಳ ನ್ಯಾಯಾಲಯದಲ್ಲಿ ಮೂವರ ಬದಲು ಒಬ್ಬನೇ ನ್ಯಾಯಾಧೀಶ ಕೂತಿದ್ದ, ತಪ್ಪೊಪ್ಪಿಗೆ ಕ್ರಮಬದ್ಧವಾಗಿರಲಿಲ್ಲ, ತನ್ನ ಪರ ವಾದಿಸಲು ಅವಳಿಗೆ ಸರಿಯಾದ ಅವಕಾಶ ಸಿಕ್ಕಿರಲಿಲ್ಲ ಎಂಬಂಥ ಕಾರಣಗಳು. ವಕೀಲರು ಗೆದ್ದದ್ದು ಆ ಕಾನೂನಿನ ಒಳಗಿನ ಕಡಿವಾಣಗಳನ್ನು ಹಿಡಿದು ಎಳೆದು.

ಕ್ರೈಸ್ತ ಇಂಗ್ಲೆಂಡಿನ ಅನುಭವ ಬೇರೆ ಬಗೆಯದು. 1650ರಲ್ಲಿ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರಾದ ಪ್ಯೂರಿಟನ್ನರ ಪಾರ್ಲಿಮೆಂಟು ವ್ಯಭಿಚಾರಕ್ಕೆ ಮರಣದಂಡನೆ, ಮದುವೆಯಾಗದವರ ಸಂಬಂಧಕ್ಕೆ ಮೂರು ತಿಂಗಳ ಜೈಲು ವಿಧಿಸಿತು. ಜ್ಯೂರಿಯಲ್ಲಿ ಕೂತ ಅಕ್ಕಪಕ್ಕದವರಿಗೆ ನೆರೆಮನೆಯವಳನ್ನು ಗಲ್ಲಿಗೆ ಕಳಿಸಲು ಕೈ ಬರಲಿಲ್ಲ. ಹತ್ತು ವರ್ಷದಲ್ಲಿ ಗಲ್ಲಿಗೇರಿದವರು ಬೆರಳೆಣಿಕೆಯಷ್ಟು ಮಂದಿ. 1660ರಲ್ಲಿ ರಾಜ ಮರಳಿದಾಗ ಕಾಯಿದೆ ತಾನಾಗಿ ಬಿದ್ದುಹೋಯಿತು. ಶಿಕ್ಷೆ ಜನರ ನ್ಯಾಯಬುದ್ಧಿಯನ್ನು ಮೀರಿದರೆ ತಡೆಯುವವರು ಸಾಕ್ಷಿಕಟ್ಟೆಯಲ್ಲೂ ಜ್ಯೂರಿಯಲ್ಲೂ ಹುಟ್ಟಿಕೊಳ್ಳುತ್ತಾರೆ, ಅವರಿಗೆ ಆ ಜಾಗ ಇದ್ದರೆ.

ಹಿಡಿಯುವವರ ವಿಷಯಕ್ಕೆ ಬಂದರೆ, ಇಸ್ಲಾಮಿನ ಇತಿಹಾಸದಲ್ಲಿ ಹಿಸ್ಬಾ ಎಂಬ ಹುದ್ದೆ ಮೂಲತಃ ಸಂತೆಯದ್ದು. ಆ ಹುದ್ದೆಯಲ್ಲಿದ್ದ ಮುಹ್ತಸಿಬ್ ತೂಕದ ಕಲ್ಲು, ಅಳತೆಯ ಪಾತ್ರೆ ಪರೀಕ್ಷಿಸುತ್ತಿದ್ದ, ಹಾಲಿಗೆ ನೀರು ಬೆರೆಸಿದವನನ್ನು, ರೊಟ್ಟಿಯ ತೂಕ ಕದ್ದವನನ್ನು ಹಿಡಿಯುತ್ತಿದ್ದ. ಸಾರ್ವಜನಿಕ ನಡತೆಯನ್ನೂ ನೋಡುತ್ತಿದ್ದ. ಹನ್ನೊಂದನೇ ಶತಮಾನದ ನ್ಯಾಯಶಾಸ್ತ್ರಜ್ಞ ಅಲ್ ಮಾವರ್ದಿ ಈ ಹುದ್ದೆಗೆ ಮಿತಿ ಬರೆದಿಟ್ಟಿದ್ದಾರೆ. ಬಹಿರಂಗವಾಗಿ ಕಾಣುವ ತಪ್ಪಿಗೆ ಮಾತ್ರ ಅವನು ಕೈ ಹಾಕಬಹುದು, ಮರೆಯಲ್ಲಿರುವುದನ್ನು ಕೆದಕಕೂಡದು. ಬೇಹು ನೋಡಬೇಡಿ ಎಂಬುದು ಕುರಾನಿನ 49ನೇ ಅಧ್ಯಾಯದ 12ನೇ ವಚನದಲ್ಲೇ ಇದೆ. ಖಲೀಫ ಉಮರ್ ಬಗ್ಗೆ ಪರಂಪರೆಯಲ್ಲಿ ಒಂದು ಕಥೆ ಉಂಟು. ರಾತ್ರಿ ಗಸ್ತಿನಲ್ಲಿ ಒಂದು ಮನೆಯ ಸದ್ದು ಕೇಳಿ ಗೋಡೆ ಹತ್ತಿ ಒಳಗಿಳಿದ ಖಲೀಫನಿಗೆ ತಪ್ಪು ಮಾಡುತ್ತಿದ್ದ ಮನೆಯವನು ಹೇಳುತ್ತಾನೆ: ನಾನು ಒಂದು ತಪ್ಪು ಮಾಡಿದೆ, ನೀವು ಮೂರು ಮಾಡಿದಿರಿ. ಬೇಹು ನೋಡಿದಿರಿ, ಬಾಗಿಲು ಬಿಟ್ಟು ಗೋಡೆಯಿಂದ ಬಂದಿರಿ, ಸಲಾಂ ಹೇಳದೆ ಒಳಗೆ ಕಾಲಿಟ್ಟಿರಿ. ಖಲೀಫ ಅವನನ್ನು ಬಿಟ್ಟು ಹೊರಡುತ್ತಾನೆ. ಗೋಡೆ ಹತ್ತಿದ ದೊರೆಯನ್ನೇ ತಪ್ಪಿತಸ್ಥನನ್ನಾಗಿಸುವ ಈ ಕಥೆಯನ್ನು ಧರ್ಮನಿಷ್ಠರೇ ಶತಮಾನಗಳಿಂದ ಹೇಳಿಕೊಂಡು ಬಂದಿದ್ದಾರೆ ಎಂಬುದನ್ನು ಮರೆಯಬಾರದು.

ಈ ಮಿತಿಯನ್ನು ಇಟ್ಟುಕೊಂಡು ಇಂದಿನ ದಾಳಿಗಳನ್ನು ನೋಡಿ. ಖಲ್ವತ್, ಅಂದರೆ ಮದುವೆಯಾಗದ ಗಂಡು-ಹೆಣ್ಣು ಏಕಾಂತದಲ್ಲಿ ಇರುವುದು. ಮಲೇಷ್ಯಾದ ಅದೇ 1997ರ ಕಾಯಿದೆಯಲ್ಲಿ ಇದಕ್ಕೆ 3,000 ರಿಂಗಿಟ್‌ವರೆಗೆ ದಂಡ, ಎರಡು ವರ್ಷದವರೆಗೆ ಜೈಲು. ಏಕಾಂತವೇ ಅಪರಾಧವಾದಾಗ ಅದನ್ನು ಪತ್ತೆ ಮಾಡಲು ಏಕಾಂತವನ್ನು ಭೇದಿಸಲೇಬೇಕು. ಹೋಟೆಲ್ ಕೋಣೆಯ ಬಾಗಿಲು ತಟ್ಟದೆ ಈ ಅಪರಾಧ ಸಿಕ್ಕುವುದಿಲ್ಲ. ಹಾಗಾಗಿ ತನಿಖೆ ನಿಂತಿರುವುದು ಅಕ್ಕಪಕ್ಕದವರ ಚಾಡಿಯ ಮೇಲೆ. ಚಾಡಿಗೆ ಕಾರಣ ಧರ್ಮವೇ ಆಗಿರಬೇಕೆಂದಿಲ್ಲ. ಬಾಡಿಗೆಯ ಜಗಳ, ಮುರಿದ ಸಂಬಂಧ, ವ್ಯಾಪಾರದ ಹೊಟ್ಟೆಕಿಚ್ಚು ಎಲ್ಲವೂ ಅಲ್ಲಿ ಭಕ್ತಿಯ ವೇಷ ಹಾಕಬಲ್ಲವು.

ಚಾಡಿಗೆ ಹಣ ಸೇರಿದರೆ ಗತಿ ಏನು ಎಂಬುದನ್ನು ಲಂಡನ್ ನೋಡಿದೆ. 1690ರ ದಶಕದಲ್ಲಿ ಅಲ್ಲಿ ನಡತೆ ಸುಧಾರಣೆಯ ಸಂಘಗಳು ಹುಟ್ಟಿದವು. ಭಾನುವಾರದ ವ್ಯಾಪಾರ, ಕುಡಿತ, ಆಣೆ-ಬೈಗುಳ, ವೇಶ್ಯಾವೃತ್ತಿ ಇವರ ಗುರಿ. ಹೆಸರು ತುಂಬಲು ಜಾಗ ಬಿಟ್ಟ ಅಚ್ಚಾದ ವಾರಂಟುಗಳನ್ನು ಸಂಘದವರು ಮಾಹಿತಿದಾರರಿಗೆ ಕೊಟ್ಟಿರುತ್ತಿದ್ದರು. ದಂಡ ವಸೂಲಿಯ ಕಾಯಿದೆಗಳಲ್ಲಿ ದೂರು ತಂದವನಿಗೆ ಪಾಲು ಸಿಗುತ್ತಿದ್ದದ್ದು ಸಾಮಾನ್ಯವಾದ್ದರಿಂದ ಮಾಹಿತಿದಾರ ಎಂಬ ಪದವೇ ಬೈಗುಳವಾಯಿತು. ಸಿಕ್ಕಿಬಿದ್ದವರೆಲ್ಲ ಬೀದಿಯಲ್ಲಿ ಬದುಕುವವರು. ದೊಡ್ಡ ಮನೆಯ ಜೂಜಿನ ಮೇಜಿನ ತನಕ ಯಾವ ವಾರಂಟೂ ನಡೆದು ಹೋಗಲಿಲ್ಲ. 1738ರ ಹೊತ್ತಿಗೆ ಸಂಘಗಳು ಮುಚ್ಚಿದವು. ಇದಕ್ಕೆ ಹೋಲಿಸಿದರೆ ಹದಿನಾರನೇ ಶತಮಾನದ ಪ್ರಾಟೆಸ್ಟೆಂಟ್ ಸುಧಾರಕ ಕಾಲ್ವಿನ್‌ನ ಜಿನೀವಾದಲ್ಲಿ ಗುರುವಾರಗಳಂದು ಕೂಡುತ್ತಿದ್ದ ಪಾದ್ರಿಗಳ ಮತ್ತು ಹನ್ನೆರಡು ಹಿರಿಯರ ಸಭೆ ಹೆಚ್ಚು ಪ್ರಾಮಾಣಿಕವಾಗಿತ್ತು ಎಂದೇ ನನ್ನ ಅನಿಸಿಕೆ. ಕಟುವಾಗಿತ್ತು ನಿಜ, ಆದರೆ ಅದಕ್ಕೆ ಜೈಲಿಗೆ ಹಾಕುವ, ದಂಡ ಹಾಕುವ ಅಧಿಕಾರ ಇರಲಿಲ್ಲ. ಗದರಿಸಿ ಬುದ್ಧಿ ಹೇಳಬಹುದಿತ್ತು, ಪ್ರಭುಭೋಜನದ ಸಂಸ್ಕಾರದಿಂದ ಹೊರಗಿಡಬಹುದಿತ್ತು. ಉಳಿದದ್ದು ನಗರಸಭೆಗೆ. ಅದರ ಸಮಯದ ಎಷ್ಟೋ ಭಾಗ ಜಗಳವಾಡಿದ ಗಂಡ-ಹೆಂಡಿರನ್ನು, ನೆರೆಹೊರೆಯವರನ್ನು ರಾಜಿ ಮಾಡಿಸುವುದರಲ್ಲೇ ಹೋಗುತ್ತಿತ್ತು.

ಸೌದಿ ಅರೇಬಿಯಾದ ಧಾರ್ಮಿಕ ಪೊಲೀಸರಿಗೆ ಬಂಧಿಸುವ ಅಧಿಕಾರ 2016ರ ಏಪ್ರಿಲ್ ತನಕ ಇತ್ತು. 2002ರ ಮಾರ್ಚ್ 11ರಂದು ಮೆಕ್ಕಾದ ಹೆಣ್ಣುಮಕ್ಕಳ ಶಾಲೆಗೆ ಬೆಂಕಿ ಬಿದ್ದು ಹದಿನೈದು ಹುಡುಗಿಯರು ಸತ್ತರು. ಸರಿಯಾದ ಉಡುಪಿಲ್ಲದೆ ಹೊರಬರುತ್ತಿದ್ದ ಮಕ್ಕಳನ್ನು ಧಾರ್ಮಿಕ ಪೊಲೀಸರು ತಡೆದರೆಂದು ಅಲ್ಲಿನ ಪತ್ರಿಕೆಗಳೇ ಬರೆದವು. ಸಾವುಗಳಿಗೆ ಅದು ಕಾರಣವಲ್ಲ ಎಂದು ಸರ್ಕಾರದ ತನಿಖೆ ಹೇಳಿತು. ಆದರೂ ಹೆಣ್ಣುಮಕ್ಕಳ ಶಿಕ್ಷಣದ ಆಡಳಿತವನ್ನು ಧಾರ್ಮಿಕ ವರ್ಗದ ಕೈಯಿಂದ ತೆಗೆದು ಶಿಕ್ಷಣ ಸಚಿವಾಲಯಕ್ಕೆ ಒಪ್ಪಿಸಿತು. 2016ರ ನಿಯಮದ ಪ್ರಕಾರ ಈ ಪಡೆಯವರು ಯಾರನ್ನೂ ಬೆನ್ನಟ್ಟುವಂತಿಲ್ಲ, ಹಿಡಿಯುವಂತಿಲ್ಲ, ಗುರುತಿನ ಚೀಟಿ ಕೇಳುವಂತಿಲ್ಲ. ಅನುಮಾನವಿದ್ದರೆ ಪೊಲೀಸರಿಗೆ ತಿಳಿಸಬೇಕು. ಒಂದೇ ಆದೇಶ, ನಡತೆಯ ನಿಯಮಗಳನ್ನು ಮುಟ್ಟಲೇ ಇಲ್ಲ, ಆದರೆ ಬೀದಿಯ ಚಹರೆ ಬದಲಾಯಿತು. ಕಾಯಿದೆಯ ಪಠ್ಯಕ್ಕಿಂತ ಹಿಡಿಯುವ ಕೈ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ.

ಶಿಕ್ಷೆಯ ಕಲಂ ಓದುವಾಗ ಯಾರ ಜೇಬಿಗೆ ಅದು ಎಷ್ಟು ಭಾರ ಎಂದು ಕೇಳಬೇಕು. ಇಂಡೊನೇಷ್ಯಾದಲ್ಲಿರುವ ಆಚೆ (Aceh) ಎಂಬ ಪ್ರಾಂತ್ಯದ 2014ರ ಕಾನೂನ್ ಜಿನಾಯತ್, ಅಂದರೆ ಶರಿಯಾ ದಂಡ ಸಂಹಿತೆ, ಅನೇಕ ಅಪರಾಧಗಳಿಗೆ ಮೂರು ಆಯ್ಕೆ ಇಟ್ಟಿದೆ. ಖಲ್ವತ್‌ಗೆ ಗರಿಷ್ಠ ಹತ್ತು ಛಡಿಯೇಟು, ಅಥವಾ 100 ಗ್ರಾಂ ಚಿನ್ನ, ಅಥವಾ ಹತ್ತು ತಿಂಗಳ ಜೈಲು. ಮದುವೆಯಾಗದವರು ಅಪ್ಪಿ ಮುದ್ದಿಟ್ಟರೆ ಮೂವತ್ತು ಏಟು, ಅಥವಾ 300 ಗ್ರಾಂ ಚಿನ್ನ, ಅಥವಾ ಮೂವತ್ತು ತಿಂಗಳು. ಒಂದು ಏಟಿಗೆ ಹತ್ತು ಗ್ರಾಂ ಚಿನ್ನ, ಒಂದು ತಿಂಗಳು ಎಂಬ ವಿನಿಮಯ ದರ. ಕೂಲಿ ಮಾಡುವವರಿಗೆ 100 ಗ್ರಾಂ ಚಿನ್ನ ಆಯ್ಕೆಯೇ ಅಲ್ಲ. ತಿಂಗಳುಗಟ್ಟಲೆ ಜೈಲಿಗಿಂತ ಬೇಗ ಮುಗಿದುಹೋಗುತ್ತದೆಂದು ಈ ಕಾಯಿದೆಯನ್ನೇ ಒಪ್ಪಿಕೊಂಡು ಏಟು ತಿಂದ ಮುಸ್ಲಿಮೇತರರೂ ಇದ್ದಾರೆ. ಏಟು ಬೀಳುವುದು ಜನ ಸೇರಿದ ವೇದಿಕೆಯ ಮೇಲೆ, ಮೊಬೈಲುಗಳ ಎದುರು. ಬೆನ್ನಿನ ಬಾಸುಂಡೆ ವಾರದಲ್ಲಿ ಮಾಯುತ್ತದೆ, ವಿಡಿಯೊ ಮಾಯುವುದಿಲ್ಲ. ಆಣೆ-ಬೈಗುಳದ ವಿರುದ್ಧ ಬ್ರಿಟನ್ನು 1745ರಲ್ಲಿ ತಂದ ಕಾಯಿದೆಯಲ್ಲಿ ಇದಕ್ಕಿಂತ ಹೆಚ್ಚು ವಿವೇಕವಿತ್ತು. ಕೂಲಿಯವನಿಗೆ, ಸಿಪಾಯಿಗೆ, ನಾವಿಕನಿಗೆ ಒಂದು ಶಿಲ್ಲಿಂಗ್, ಅವರಿಗಿಂತ ಮೇಲಿನವರಿಗೆ ಎರಡು, ಗಣ್ಯರಿಗೆ ಐದು.

ದಂಡದ ಮೊತ್ತ ಹಣದುಬ್ಬರದಲ್ಲಿ ಕರಗುತ್ತದೆ ಎಂಬುದು ಇನ್ನೊಂದು ಸೂಕ್ಷ್ಮ. ರಿಯಾಲಿನ ಬೆಲೆ ಕುಸಿದಂತೆ ಇರಾನಿನ ಹಳೆಯ ದಂಡದ ಅಂಕಿಗಳಿಗೆ ಅರ್ಥವೇ ಉಳಿಯಲಿಲ್ಲ. ಆಗ ಶಿಕ್ಷೆ ನ್ಯಾಯಾಲಯದಿಂದ ಆಡಳಿತಕ್ಕೆ ಜಾರುತ್ತದೆ. 2022ರ ಸೆಪ್ಟೆಂಬರ್ 16ರಂದು ಹಿಜಾಬ್ ಸರಿಯಿಲ್ಲವೆಂದು ನಡತೆ ಪೊಲೀಸರು ಹಿಡಿದಿದ್ದ ಮಹ್ಸಾ ಅಮೀನಿ ಎಂಬ ಯುವತಿ ಅವರ ವಶದಲ್ಲಿದ್ದಾಗ ಕುಸಿದು ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ದೇಶವೇ ಬೀದಿಗಿಳಿಯಿತು. ಮುಂದಿನ ಏಪ್ರಿಲ್‌ನಲ್ಲಿ ಪೊಲೀಸರು ಕ್ಯಾಮೆರಾಗಳ ಮೂಲಕ ಗುರುತಿಸುವ ಕ್ರಮ ಪ್ರಕಟಿಸಿದರು. ಕಾರಿನಲ್ಲಿ ತಲೆವಸ್ತ್ರ ಇಲ್ಲದಿದ್ದರೆ ಕಾರಿನ ಮಾಲೀಕರಿಗೆ ಸಂದೇಶ, ಮತ್ತೆ ಕಂಡರೆ ಕಾರು ಜಪ್ತಿ. ಒಳಗೆ ಬಿಟ್ಟುಕೊಂಡ ಅಂಗಡಿ, ಕೆಫೆಗಳಿಗೆ ಬೀಗ. ಇಲ್ಲಿ ಆರೋಪಪಟ್ಟಿಯೂ ಇಲ್ಲ, ವಾದಿಸಲು ಕಟಕಟೆಯೂ ಇಲ್ಲ. ಅಪ್ಪನ ಕಾರು ಜಪ್ತಿಯಾದರೆ ಮಗಳ ತಲೆಯನ್ನು ಅಪ್ಪನೇ ಕಾಯುತ್ತಾನೆ ಎಂಬುದು ಲೆಕ್ಕಾಚಾರ. 2024ರಲ್ಲಿ ಅಂಗೀಕಾರವಾದ ಇನ್ನೂ ಬಿಗಿಯಾದ ಹಿಜಾಬ್ ಕಾಯಿದೆಯ ಜಾರಿಯನ್ನು ಅದೇ ಡಿಸೆಂಬರ್‌ನಲ್ಲಿ ತಡೆಹಿಡಿಯಬೇಕಾಗಿ ಬಂತು.

ವಿನಾಯಿತಿಗಳ ಬಗ್ಗೆ ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅವು ಎಲ್ಲೆಡೆ ಒಂದೇ ದಿಕ್ಕಿಗೆ ಹರಿಯುತ್ತವೆ: ಕಾಸಿದ್ದವರ ಕಡೆಗೆ, ಪ್ರವಾಸಿಗಳ ಕಡೆಗೆ. ಬೌದ್ಧರ ಐದು ಪವಿತ್ರ ದಿನಗಳಂದು ಮದ್ಯ ಮಾರಾಟ ನಿಷೇಧಿಸಿದ್ದ ಥಾಯ್ಲೆಂಡ್ 2025ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಹೋಟೆಲುಗಳಂಥ ಜಾಗಗಳಿಗೆ ಸಡಿಲ ಕೊಟ್ಟಿತು. ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಬೋಧನೆಗೆ ಹೊಂದುವಂತೆ ಗರ್ಭನಿರೋಧಕಗಳ ಮಾರಾಟ, ಆಮದು ಎರಡೂ ನಿಷಿದ್ಧವಾಗಿದ್ದವು. 1971ರ ಮೇ 22ರಂದು ಮಹಿಳೆಯರ ಗುಂಪೊಂದು ಬೆಲ್‌ಫಾಸ್ಟಿಗೆ ರೈಲಿನಲ್ಲಿ ಹೋಗಿ, ಅವನ್ನು ಕೊಂಡು ಡಬ್ಲಿನ್ನಿಗೆ ತಂದು, ನಿಲ್ದಾಣದಲ್ಲಿ ಸುಂಕದ ಅಧಿಕಾರಿಗಳ ಎದುರೇ ಎತ್ತಿ ತೋರಿಸಿತು. 1973ರಲ್ಲಿ ಸುಪ್ರೀಂ ಕೋರ್ಟು ವಿವಾಹಿತರ ಖಾಸಗಿತನದ ಹಕ್ಕನ್ನು ಎತ್ತಿಹಿಡಿದ ಮೇಲೆ, 1979ರ ಕಾಯಿದೆ ಪ್ರಾಮಾಣಿಕವಾಗಿ ಕುಟುಂಬ ಯೋಜನೆಗೆ ಎಂದು ವೈದ್ಯರು ಚೀಟಿ ಬರೆದರೆ ಕೊಡಬಹುದು ಎಂದಿತು. ಕಾಂಡೋಮಿಗೂ ವೈದ್ಯರ ಚೀಟಿ. ಪಾಪ ಯಾವುದು, ಅಲ್ಲದ್ದು ಯಾವುದು ಎಂದು ತೀರ್ಮಾನಿಸುವ ಹೊಣೆ ಪಾದ್ರಿಯ ಕೈಯಿಂದ ವೈದ್ಯರ ಮೇಜಿಗೆ ಬಂತು. ಹದಿನೆಂಟು ತುಂಬಿದವರಿಗೆ ಚೀಟಿ ಇಲ್ಲದೆ ಸಿಗುವಂತಾದದ್ದು 1985ರಲ್ಲಿ.

ಕೆಲವು ಕಾಯಿದೆಗಳು ತಮ್ಮ ಕಾರಣವನ್ನು ಬದಲಿಸಿಕೊಂಡು ಬದುಕುತ್ತವೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಭಾನುವಾರ ಒಂದು ದೊಡ್ಡ ಅಂಗಡಿಯ ನೌಕರರು ಕಡತದ ಹೊದಿಕೆ, ನೆಲಕ್ಕೆ ಬಳಿಯುವ ಮೇಣ, ಸ್ಟೇಪ್ಲರ್, ಆಟಿಕೆಯ ಜಲಾಂತರ್ಗಾಮಿ ಮಾರಿದ್ದಕ್ಕೆ ದಂಡ ಬಿತ್ತು. 1961ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಹುಟ್ಟು ಧಾರ್ಮಿಕವೇ ಆದರೂ ಇವತ್ತಿನ ಉದ್ದೇಶ ಎಲ್ಲರಿಗೂ ಒಂದು ದಿನದ ವಿಶ್ರಾಂತಿ ಎಂದಿತು. ಅದೇ ದಿನ ಅದೇ ಕೋರ್ಟು ಫಿಲಡೆಲ್ಫಿಯಾದ ಯಹೂದಿ ವ್ಯಾಪಾರಿಗಳ ಮೊಕದ್ದಮೆಯನ್ನೂ ತಳ್ಳಿಹಾಕಿತು. ಅವರು ಶನಿವಾರ ಸಬ್ಬತ್‌ಗಾಗಿ ಬಾಗಿಲು ಹಾಕುತ್ತಿದ್ದರು, ಭಾನುವಾರ ಕಾಯಿದೆಗಾಗಿ. ಒಬ್ಬರಿಗೆ ಒಂದು ದಿನದ ನಷ್ಟ, ಇನ್ನೊಬ್ಬರಿಗೆ ಎರಡು ದಿನದ್ದು. ವಿಶ್ರಾಂತಿಯೇ ಉದ್ದೇಶವಾದರೆ ವಾರದಲ್ಲಿ ಯಾವ ದಿನವಾದರೂ ಒಂದು ದಿನ ಎಂದು ಬರೆಯಬಹುದಿತ್ತು. ಕಾರಣ ಹೇಳುವ ಮಾತಿಗೂ ಹೊರೆ ಬೀಳುವ ಜಾಗಕ್ಕೂ ತಾಳೆ ಆಗುತ್ತಿದೆಯೇ ಎಂದು ಪರೀಕ್ಷಿಸಲು ಇದೇ ಪ್ರಶ್ನೆ ಸಾಕು. ಪೋಲೆಂಡಿನ 2018ರ ಭಾನುವಾರದ ನಿಷೇಧದಲ್ಲಿ ಅಂಚೆ ಸೇವೆಗೆ ಬಿಡುವು ಇತ್ತು. ಎಷ್ಟೋ ಕಿರಾಣಿ ಅಂಗಡಿಗಳು ಪಾರ್ಸೆಲ್ ಸ್ವೀಕರಿಸಿ ಅಂಚೆ ಕೇಂದ್ರಗಳಾದವು. ಆದಾಯದ 40 ಶೇಕಡಾ ಅಂಚೆಯಿಂದಲೇ ಬರಬೇಕೆಂದು 2022ರಲ್ಲಿ ತಿದ್ದುಪಡಿ ತರಬೇಕಾಯಿತು. ಜರ್ಮನಿಯ ಸಂವಿಧಾನ ನ್ಯಾಯಾಲಯ 2016ರಲ್ಲಿ ನನಗೆ ಮೆಚ್ಚುಗೆಯಾದ ದಾರಿ ಹಿಡಿಯಿತು. ಬವೇರಿಯಾದಲ್ಲಿ ಕುಣಿತ ತಡೆದು ಶುಭ ಶುಕ್ರವಾರದ (ಗುಡ್ ಫ್ರೈಡೇ) ಮೌನವನ್ನು ಕಾಪಾಡುವುದು ಸರಿ, ಆದರೆ ಯಾರಿಗೂ ಯಾವ ಕಾರಣಕ್ಕೂ ಬಿಡುವೇ ಇಲ್ಲ ಎನ್ನುವುದು ಸರಿಯಲ್ಲ ಎಂದಿತು. ಹೊರಗಿನ ಬೀದಿಗೆ ಸದ್ದು ಕೇಳದ ಸಭಾಂಗಣದೊಳಗಿನ ಕುಣಿತದಿಂದ ಯಾರ ಧ್ಯಾನವೂ ಕೆಡುವುದಿಲ್ಲ.

ಜಾರಿ ಮಾಡದೆ ಪುಸ್ತಕದಲ್ಲಿ ಉಳಿಸಿಕೊಂಡ ಕಾಯಿದೆ ನಿರಪಾಯ ಎನ್ನುವವರಿದ್ದಾರೆ. 1533ರಲ್ಲಿ ಎಂಟನೇ ಹೆನ್ರಿಯ ಪಾರ್ಲಿಮೆಂಟು ಚರ್ಚಿನ ನ್ಯಾಯಾಲಯದಲ್ಲಿದ್ದ, ಸಲಿಂಗ ಸಂಭೋಗವನ್ನೂ ಒಳಗೊಂಡ ‘ಅಸಹಜ ಸಂಭೋಗ’ದ ಪಾಪವನ್ನು ರಾಜನ ನ್ಯಾಯಾಲಯಕ್ಕೆ ಎತ್ತಿ ಹಾಕಿತು. ಅದರ ವಂಶದ ಕುಡಿ 1860ರಲ್ಲಿ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಆಗಿ, ಅಲ್ಲಿಂದ ಬ್ರಿಟಿಷ್ ವಸಾಹತುಗಳ ಉದ್ದಗಲಕ್ಕೂ ಹಬ್ಬಿತು. ಶಿಕ್ಷೆಯಾದ ಮೊಕದ್ದಮೆಗಳು ಕಡಿಮೆ. ಆದರೆ ಠಾಣೆಯಲ್ಲಿ ಬೆದರಿಸಿ ಹಣ ಕೀಳಲು, ಕೆಲಸದಿಂದ ತೆಗೆಯಲು, ಆಸ್ಪತ್ರೆಗೆ ಹೋಗಲು ಹೆದರುವಂತೆ ಮಾಡಲು ಶಿಕ್ಷೆ ಬೇಕಿಲ್ಲ, ಕಲಂ ಇದ್ದರೆ ಸಾಕು. ಭಾರತದ ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರಿಂದ ಹೊರಗಿಟ್ಟದ್ದು 2018ರ ಸೆಪ್ಟೆಂಬರ್ 6ರಂದು. ಸಿಂಗಪುರ, ಜಾರಿ ಮಾಡುವುದಿಲ್ಲ ಎಂದು ಭರವಸೆ ಕೊಡುತ್ತಲೇ ತನ್ನ 377ಎ ಕಲಮನ್ನು 2022ರ ತನಕ ಇಟ್ಟುಕೊಂಡಿತ್ತು.

ಈ ಐದೂ ಪ್ರಶ್ನೆಗಳನ್ನು ಒಂದೇ ಪಠ್ಯಕ್ಕೆ ಹಾಕಿ ನೋಡಬೇಕೆಂದರೆ 2024ರ ಆಗಸ್ಟ್‌ನಲ್ಲಿ ತಾಲಿಬಾನ್ ಪ್ರಕಟಿಸಿದ, 35 ವಿಧಿಗಳ, ಸದಾಚಾರ ಪ್ರಸಾರ ಮತ್ತು ದುರಾಚಾರ ತಡೆಯ ಕಾನೂನು ಇದೆ. 13ನೇ ವಿಧಿ ಹೆಂಗಸಿನ ಮುಖವನ್ನೂ ಧ್ವನಿಯನ್ನೂ ಮರೆಮಾಡಬೇಕಾದ ವಸ್ತುವೆನ್ನುತ್ತದೆ. 17ನೇ ವಿಧಿ ಜೀವವಿರುವ ಯಾವುದರ ಚಿತ್ರವನ್ನೂ ಪ್ರಕಟಿಸಬಾರದೆನ್ನುತ್ತದೆ. ಒಂಟಿ ಹೆಂಗಸನ್ನು ಮಹ್ರಮ್ (ಗಂಡ ಅಥವಾ ಹತ್ತಿರದ ಗಂಡು ಸಂಬಂಧಿ) ಇಲ್ಲದೆ ಗಾಡಿ ಹತ್ತಿಸಿಕೊಂಡ ಚಾಲಕನೂ ತಪ್ಪಿತಸ್ಥ. ಅಳತೆ ಎಷ್ಟು ದೂರ ಹೋಗಿದೆ ಎಂಬುದು ಇಲ್ಲೇ ಕಾಣುತ್ತದೆ. ಆದರೂ ನಾನು ಮೊದಲು ಓದಲು ಹೇಳುವುದು 24ನೇ ವಿಧಿಯನ್ನು. ಮುಹ್ತಸಿಬ್ ಕೊಡಬಹುದಾದ ಶಿಕ್ಷೆಗಳು ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿವೆ. ಬುದ್ಧಿವಾದ, ದೇವರ ಶಿಕ್ಷೆಯ ಎಚ್ಚರಿಕೆ, ಬಾಯಿಮಾತಿನ ಬೆದರಿಕೆ, ಸೊತ್ತಿನ ಮುಟ್ಟುಗೋಲು, ಒಂದು ಗಂಟೆಯಿಂದ ಇಪ್ಪತ್ತನಾಲ್ಕು ಗಂಟೆಯ ಬಂಧನ, ಒಂದರಿಂದ ಮೂರು ದಿನದ ಬಂಧನ, ತನಗೆ ಸೂಕ್ತ ಕಂಡ ಬೇರೆ ಶಿಕ್ಷೆ. ಇಷ್ಟಾದರೂ ತಿದ್ದಿಕೊಳ್ಳದವರನ್ನು ಮಾತ್ರ ನ್ಯಾಯಾಲಯಕ್ಕೆ ಕಳಿಸಬೇಕು. ಕಂಡವನೂ, ಸಾಕ್ಷಿಯೂ, ತೀರ್ಪು ಕೊಡುವವನೂ, ಕೋಣೆಗೆ ಬೀಗ ಹಾಕುವವನೂ ಆ ಮೂರು ದಿನ ಒಬ್ಬನೇ.